ಕುಡುಕನಿಗೆ ಕುಡುಕನೇ ಜೊತೆ

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ್ದು 1935ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಟೈರ್ ಕಾರ್ಖಾನೆಗಳ ಊರಾದ ಆಕ್ರನ್‌ನಲ್ಲಿ. ಅದರ ಕಥೆಯನ್ನು ಜನ ಎರಡು ಬಗೆಯಾಗಿ ಹೇಳುತ್ತಾರೆ. ಕ್ರಿಸ್ತನನ್ನು ನಂಬಿದ್ದಕ್ಕೆ ಕುಡುಕರು ಉಳಿದರು ಎನ್ನುವುದು ಒಂದು. ದೇವರ ಹೆಸರು ಬರೀ ನೆಪ, ಕೆಲಸ ಮಾಡಿದ್ದು ಗುಂಪು ಎನ್ನುವುದು ಇನ್ನೊಂದು. ಮೊದಲ ನಾಲ್ಕೈದು ವರ್ಷಗಳ ಸಂಗತಿಗಳನ್ನು ಜೋಡಿಸಿ ನೋಡಿದರೆ ಎರಡೂ ಅರ್ಧ ಸತ್ಯವೆನ್ನಬೇಕಾಗುತ್ತದೆ. ಕ್ರೈಸ್ತ ಶ್ರದ್ಧೆ ಅಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಒಬ್ಬ ಕುಡುಕನನ್ನು ಮತ್ತೊಬ್ಬನ ಎದುರು ಕೂರಿಸಿ, ಮುಚ್ಚುಮರೆಯಿಲ್ಲದೆ ಮಾತಾಡುವ ರೂಢಿ ಕಲಿಸಿದ್ದು.

ಆಕ್ರನ್‌ನ ಶಸ್ತ್ರವೈದ್ಯ ಬಾಬ್ ಸ್ಮಿತ್, ಲೂಥರನ್ ಪಾದ್ರಿ ಫ್ರಾಂಕ್ ಬುಕ್‌ಮನ್ ಕಟ್ಟಿದ ಆಕ್ಸ್‌ಫರ್ಡ್ ಗ್ರೂಪ್‌ನ ಕೂಟಗಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಹೋಗುತ್ತಿದ್ದರು. ಬೈಬಲ್ ಓದಿದರು, ಪ್ರಾರ್ಥಿಸಿದರು. ಕುಡಿತ ಮಾತ್ರ ನಿಲ್ಲಲಿಲ್ಲ. ಇತ್ತ ನ್ಯೂಯಾರ್ಕ್‌ನ ಷೇರು ವ್ಯವಹಾರದ ಬಿಲ್ ವಿಲ್ಸನ್ 1934ರ ಡಿಸೆಂಬರ್‌ನಲ್ಲಿ ಆಸ್ಪತ್ರೆ ಸೇರಿ ಕುಡಿತ ಬಿಟ್ಟಿದ್ದರು. ಆಮೇಲೆ ತಿಂಗಳುಗಟ್ಟಲೆ ಕಂಡಕಂಡ ಕುಡುಕರಿಗೆಲ್ಲ ತಮ್ಮ ದೈವಾನುಭವವನ್ನು ಬೋಧಿಸಿದರೂ ಒಬ್ಬನೂ ಬಿಡಲಿಲ್ಲ. ಉಪದೇಶ ಬಿಟ್ಟು ಮೊದಲು ಕಾಯಿಲೆಯ ಮಾತಾಡಿ ಎಂದು ತಿದ್ದಿದವರು ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಸಿಲ್ಕ್‌ವರ್ತ್. 1935ರ ಮೇ ತಿಂಗಳಲ್ಲಿ ವ್ಯವಹಾರವೊಂದು ಕೈಕೊಟ್ಟು ವಿಲ್ಸನ್ ಆಕ್ರನ್‌ನ ಮೇಫ್ಲವರ್ ಹೋಟೆಲಿನಲ್ಲಿ ಒಂಟಿಯಾಗಿ ಉಳಿದರು. ಲಾಬಿಯ ಒಂದು ಕಡೆ ಬಾರಿನ ನಗೆಮಾತು, ಇನ್ನೊಂದು ಕಡೆ ಚರ್ಚುಗಳ ಪಟ್ಟಿ, ಪಕ್ಕದಲ್ಲೇ ಟೆಲಿಫೋನು. ಅವರು ಪಾದ್ರಿ ವಾಲ್ಟರ್ ಟಂಕ್ಸ್‌ಗೆ ಫೋನ್ ಮಾಡಿದರು. ಟಂಕ್ಸ್ ಕೊಟ್ಟ ಹೆಸರುಗಳ ಜಾಡು ಹಿಡಿದು ಹೋದಾಗ ಆಕ್ಸ್‌ಫರ್ಡ್ ಗ್ರೂಪಿನ ಹೆನ್ರಿಯೆಟ್ಟಾ ಸೈಬರ್ಲಿಂಗ್ ಸಿಕ್ಕರು. ಮರುದಿನ ಸ್ಮಿತ್‌ರನ್ನು ಅವರೇ ಮನೆಗೆ ಕರೆಸಿದರು. 15 ನಿಮಿಷ ಕೂತು ಎದ್ದುಹೋಗುವೆನೆಂದು ಬಂದ ಡಾಕ್ಟರು ರಾತ್ರಿ ಹನ್ನೊಂದರವರೆಗೂ ಏಳಲಿಲ್ಲ. ನಡುವೆ ಒಮ್ಮೆ ಜಾರಿದರಾದರೂ ಅವರು ಕೊನೆಯ ಬಾರಿ ಕುಡಿದದ್ದು ಜೂನ್ 10ರಂದು. ಎ.ಎ. ತನ್ನ ಹುಟ್ಟುದಿನವೆಂದು ಎಣಿಸುವುದು ಆ ದಿನವನ್ನೇ.

ಹಾಗಾದರೆ ಪ್ರಾರ್ಥನೆ ಸೋತಿತು, ಗೆಳೆತನ ಗೆದ್ದಿತು ಎನ್ನಬಹುದೇ? ಅಷ್ಟು ಸುಲಭವಿಲ್ಲ. ಗುರುತು ಪರಿಚಯವಿಲ್ಲದ ಊರಿನಲ್ಲಿ ಒಂದೇ ದಿನದಲ್ಲಿ ಇಬ್ಬರನ್ನು ಸೇರಿಸಿದ್ದು ಚರ್ಚಿನ ನಂಟು. ತಪ್ಪನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು, ನೊಂದವರಿಗೆ ನಷ್ಟ ತುಂಬಿಕೊಡುವುದು ಮುಂತಾದ ನಡೆಗಳು ಆಕ್ಸ್‌ಫರ್ಡ್ ಗ್ರೂಪಿನಿಂದ ಬಂದವು. ಆಕ್ರನ್‌ನವರು ಮತ್ತೆ ಮತ್ತೆ ಓದುತ್ತಿದ್ದ ಯಾಕೋಬನ ಪತ್ರಿಕೆಯಲ್ಲೂ ಆ ಅರಿಕೆಯ ಬೋಧನೆಯಿದೆ. ಬರೀ ಗುಂಪು ಎಷ್ಟು ದಿನ ಬಾಳೀತು ಎಂಬುದಕ್ಕೆ 1840ರಲ್ಲಿ ಬಾಲ್ಟಿಮೋರ್‌ನ ಆರು ಮಂದಿ ಕುಡುಕರು ಕಟ್ಟಿದ ವಾಷಿಂಗ್ಟೋನಿಯನ್ ಸಂಘ ಸಾಕ್ಷಿ. ಮತಧರ್ಮವನ್ನು ದೂರವಿಟ್ಟು, ಕುಡುಕರೇ ಕುಡುಕರ ಕೈಹಿಡಿದ ಆ ಸಂಘ ಕಾಳ್ಗಿಚ್ಚಿನಂತೆ ಹಬ್ಬಿತು. ಪಾನನಿರೋಧದ ರಾಜಕೀಯದಲ್ಲಿ ಸಿಕ್ಕಿಕೊಂಡು ಅಷ್ಟೇ ಬೇಗ ಕರಗಿತು. ಪ್ರತಿಜ್ಞೆ ಮಾಡಿದ ಮೇಲೆ ದಿನದಿನ ನಡೆಸಬೇಕಾದ ಶಿಸ್ತು ಅದರಲ್ಲಿರಲಿಲ್ಲ. ಶ್ರದ್ಧೆ ಮತ್ತು ಜೊತೆ ಒಂದಕ್ಕೊಂದು ಹೇಗೆ ಒದಗಿದವೆಂಬುದು ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯ ಸಿಸ್ಟರ್ ಇಗ್ನೇಷಿಯಾ ಅವರಲ್ಲಿ ಕಾಣುತ್ತದೆ. ಕುಡುಕರೆಂದರೆ ಆಸ್ಪತ್ರೆಗಳು ಬಾಗಿಲು ಮುಚ್ಚುತ್ತಿದ್ದಾಗ, 1939ರಲ್ಲಿ, ಈ ಸಂನ್ಯಾಸಿನಿ ಸ್ಮಿತ್ ಜೊತೆ ಸೇರಿ ಅವರಿಗೆ ಹಾಸಿಗೆ ಕೊಟ್ಟರು. ಗುಣವಾಗಿ ಹೊರಡುವವರ ಕೈಗೆ ಯೇಸುವಿನ ಪವಿತ್ರ ಹೃದಯದ ಒಂದು ಬಿಲ್ಲೆಯಿಟ್ಟು, ಮತ್ತೆ ಕುಡಿಯುವ ಮುನ್ನ ಇದನ್ನು ತಂದು ತಮಗೇ ಹಿಂದಿರುಗಿಸಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದರು. ಬಿಲ್ಲೆ ಭಕ್ತಿಯದು, ಆದರೆ ಅದರ ಕರಾರಿನಂತೆ ಕುಡಿಯಬೇಕೆನಿಸಿದವನು ಮೊದಲು ಇನ್ನೊಬ್ಬರ ಮುಖ ನೋಡಲೇಬೇಕಿತ್ತು.

ಎ.ಎ. ಕ್ರಿಸ್ತನನ್ನು ಬದಿಗೆ ಸರಿಸಿತು ಎಂಬುದು ಶ್ರದ್ಧಾವಂತರ ಆಕ್ಷೇಪ. ಸರಿಸಿದ್ದು ನಿಜ, ಕಾರಣ ಮಾತ್ರ ನಾಸ್ತಿಕರಷ್ಟೇ ಅಲ್ಲ. ಪ್ರಾಟೆಸ್ಟಂಟ್ ಛಾಯೆಯ ಆಕ್ಸ್‌ಫರ್ಡ್ ಗ್ರೂಪಿಗೆ ಹೋಗಲು ಕ್ಯಾಥೊಲಿಕರಿಗೆ ತಮ್ಮ ಚರ್ಚಿನದೇ ಅಡ್ಡಿಯಿತ್ತು. 1939ರ ಮೇನಲ್ಲಿ ಕ್ಲೀವ್‌ಲ್ಯಾಂಡಿನವರು ಬೇರೆಯಾಗಿ ಎ.ಎ. ಹೆಸರಿನಲ್ಲೇ ಸಭೆ ಆರಂಭಿಸಿದ್ದು ಬಹುಪಾಲು ಅವರಿಗಾಗಿ. ಅದೇ ವರ್ಷ ಬಂದ ಸಂಘದ ಪುಸ್ತಕ ದೇವರ ಕಲ್ಪನೆಯನ್ನು ಅವರವರ ಅರಿವಿಗೇ ಬಿಟ್ಟಿತು. 1991ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚು ಸೆಲೆಬ್ರೇಟ್ ರಿಕವರಿ ಶುರುಮಾಡಿ ಕ್ರಿಸ್ತನ ಹೆಸರನ್ನು ಮರಳಿ ತಂದಿತು. ಆದರೆ ಎ.ಎ. ಪುಸ್ತಕದ ಹನ್ನೆರಡು ಮೆಟ್ಟಿಲುಗಳ ಕ್ರಮವನ್ನೂ ಸಣ್ಣ ಗುಂಪಿನ ಮಾತುಕತೆಯನ್ನೂ ಅದು ಬಿಡಲಿಲ್ಲ. ದೇವರ ಹೆಸರಿನ ಬಗ್ಗೆ ಕವಲೊಡೆದವರೂ ಈ ನಡೆಯ ಬಗ್ಗೆ ಒಂದೇ ಅಭಿಪ್ರಾಯದವರು.

ಇದರಿಂದ ಗುಣ ಕಂಡಿದೆಯೇ ಎಂಬ ಪ್ರಶ್ನೆಗೆ 2020ರ ಕಾಕ್ರೇನ್ ವಿಮರ್ಶೆ 27 ಅಧ್ಯಯನಗಳನ್ನು, 10,565 ಜನರ ವಿವರವನ್ನು ಪರಿಶೀಲಿಸಿತು. ಎ.ಎ.ಗೆ ಜೋಡಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಕುಡಿತ ಬಿಟ್ಟು ಉಳಿದವರು ಬೇರೆ ಚಿಕಿತ್ಸೆಯವರಿಗಿಂತ ಹೆಚ್ಚು; ಮಿಕ್ಕ ಅಳತೆಗಳಲ್ಲಿ ಹೆಚ್ಚುಕಡಿಮೆ ಸಮಸಮ. ಎ.ಎ. ಎಲ್ಲರಿಗೂ ಒಗ್ಗುವ ಮದ್ದೆಂದು ಇದರಿಂದ ಸಾಬೀತಾಗುವುದಿಲ್ಲ. ಕೈದಿಗಳನ್ನು ದೇವರ ಹೆಸರೆತ್ತುವ ಇಂಥ ಸಭೆಗಳಿಗೆ ಬಲವಂತವಾಗಿ ಕಳಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1996ರಲ್ಲಿ ಅಮೆರಿಕದ ನ್ಯಾಯಾಲಯಗಳು ತೀರ್ಪಿತ್ತವು. ಆ ತೀರ್ಪುಗಳನ್ನು ಶ್ರದ್ಧೆಗೆ ಬಿದ್ದ ಪೆಟ್ಟೆಂದು ಭಾವಿಸಬೇಕಿಲ್ಲ. ಆಕ್ರನ್‌ನಲ್ಲಿ ಫಲಿಸಿದ್ದು ತನ್ನ ಪಾಡು ಹೇಳಿಕೊಳ್ಳಲು ತಾನಾಗಿ ಬಂದವನ ಮಾತು. ಅದನ್ನು ಯಾವ ಆಜ್ಞೆಯಿಂದಲೂ ಹೊರಡಿಸಲಾಗದು, ಅದು ಪಾದ್ರಿಯದಾಗಲಿ, ಜೈಲರನದಾಗಲಿ.