ಕೂಲಿಯವರು ಹಾಕಿದ ಕಡಲ ದಾರಿ

ಮೆಡಿಟರೇನಿಯನ್ ಕಡಲ ಕರೆಯಲ್ಲಿರುವ ನೀಸ್ ನಗರವೆಂದರೆ ಯೂರೋಪಿನ ಸಿರಿವಂತರ ಬೀಡು ಎಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ನಾನು ಅಲ್ಲಿ ಕಳೆದ ಕೆಲವು ದಿನಗಳಲ್ಲಿ ಆ ಮಾತಿಗೆ ಬೇಕಾದ ಸಾಕ್ಷ್ಯವೂ ದೊರೆಯಿತು. ಒಂದು ಕಡೆ ನೀಲಿಯ ಕಡಲು, ಮತ್ತೊಂದು ಕಡೆ ಅರಮನೆಯಂಥ ಹೋಟೆಲುಗಳು, ನಡುವೆ ತಾಳೆಮರಗಳ ಸಾಲಿನ ವಿಶಾಲವಾದ ದಾರಿ. ಆದರೆ ನನ್ನ ಕುತೂಹಲವನ್ನು ಕೆರಳಿಸಿದ್ದು ಈ ವೈಭವಕ್ಕಿಂತ ಹೆಚ್ಚಾಗಿ ಆ ದಾರಿಯ ಹೆಸರು: 'ಪ್ರೊಮನಾದ್ ದೆಸಾಂಗ್ಲೆ', ಅಂದರೆ ಇಂಗ್ಲಿಷರ ವಿಹಾರಪಥ. ಫ್ರಾನ್ಸಿನ ನಗರವೊಂದರ ಹೆದ್ದಾರಿಗೆ ಇಂಗ್ಲಿಷರ ಹೆಸರು ಬಂದುದೇಕೆ?

ಇದಕ್ಕೆ ಉತ್ತರ ಹುಡುಕಹೊರಟರೆ ನೀಸ್ ಬಹುಕಾಲ ಫ್ರಾನ್ಸಿನದೇ ಆಗಿರಲಿಲ್ಲ ಎಂಬುದು ಮೊದಲು ತಿಳಿಯುತ್ತದೆ. ಊರನ್ನು ಸ್ಥಾಪಿಸಿದವರು ಗ್ರೀಕರು. ಅವರು ಇಟ್ಟ 'ನಿಕಾಯಾ' ಎಂಬ ಹೆಸರಿನಲ್ಲಿ ವಿಜಯದ ಅರ್ಥವಿದೆ. ೧೩೮೮ರಲ್ಲಿ ಊರು ಸವಾಯ್ ಮನೆತನದ ಆಶ್ರಯಕ್ಕೆ ಸೇರಿತು. ಇಂಗ್ಲಿಷರು ಬರತೊಡಗಿದ್ದು ಹದಿನೆಂಟನೆಯ ಶತಮಾನದಲ್ಲಿ. ಅವರು ಬಂದುದು ಮೋಜಿಗಲ್ಲ, ಜೀವ ಉಳಿಸಿಕೊಳ್ಳಲು. ೧೭೬೩ರಲ್ಲಿ ಬಂದು ನೆಲೆಸಿದ ಕಾದಂಬರಿಕಾರ ಟೊಬಾಯಸ್ ಸ್ಮಾಲೆಟ್ ಎದೆಯ ಬೇನೆಯಿಂದ ನರಳುತ್ತಿದ್ದವನು. ಇಲ್ಲಿಯ ಹವೆಯನ್ನು ಹೊಗಳಿ, ಜನರನ್ನು ತೆಗಳಿ ಅವನು ಬರೆದ ಪ್ರವಾಸದ ಪುಸ್ತಕ ೧೭೬೬ರಲ್ಲಿ ಪ್ರಕಟವಾಯಿತು. ಆ ಮೇಲೆ ಕ್ಷಯರೋಗಿಗಳು, ಅವರ ಹಿಂದೆ ಅವರ ಬಂಧುಗಳು, ಬಂಧುಗಳ ಹಿಂದೆ ಬರಿಯ ವಿಹಾರಾರ್ಥಿಗಳು ಬಂದರು. ಎಲ್ಲರೂ ಬರುತ್ತಿದ್ದುದು ಚಳಿಗಾಲಕ್ಕೆ. ಬೇಸಗೆ ಬಂತೆಂದರೆ ಬಾಗಿಲು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಇಂದು ಬಿಸಿಲು ಕಾಯಿಸುವವರಿಂದ ತುಂಬಿ ತುಳುಕುವ ಆ ನುಣುಪುಗಲ್ಲಿನ ದಂಡೆ ಆಗ ಬೆಸ್ತರದು.

೧೮೨೦ರ ನಂತರದ ಒಂದೆರಡು ವರ್ಷಗಳಲ್ಲಿ ವಿಪರೀತವಾದ ಚಳಿ ಬಿದ್ದು ಕಿತ್ತಳೆಯ ಫಸಲು ನಾಶವಾಯಿತು. ಅದನ್ನೇ ನಂಬಿದ್ದ ಬಡಜನರು ಬೀದಿಗೆ ಬಿದ್ದು, ಪರದೇಶದ ಶ್ರೀಮಂತರೆದುರು ಕೈಯೊಡ್ಡಿದರು. ಲೂಯಿಸ್ ವೇ ಎಂಬ ಇಂಗ್ಲಿಷ್ ಪಾದ್ರಿ ತನ್ನವರಿಂದ ಚಂದಾ ಎತ್ತಿ, ಭಿಕ್ಷೆಯ ಬದಲಿಗೆ ಕೆಲಸ ಕೊಡಿಸಿದ. ಆ ಕೆಲಸವೇ ಕಡಲಂಚಿನ ಕಾಲುದಾರಿ. ಅದರ ಅಗಲ ಆಗ ಎರಡೇ ಮೀಟರು! ನಮ್ಮ ಮಾತಿನಲ್ಲಿ ಹೇಳುವುದಾದರೆ, ಇದು ಬರಗಾಲದ ಕಾಮಗಾರಿ. ಊರಿನವರು ಅದನ್ನು ತಮ್ಮ ನುಡಿಯಲ್ಲಿ ಇಂಗ್ಲಿಷರ ದಾರಿ ಎಂದೇ ಕರೆದರು. ಕಾಸು ಕೊಟ್ಟವರ ಹೆಸರು ದಾರಿಗೆ ನಿಂತಿತು. ಕಲ್ಲು ಹೊತ್ತವರಲ್ಲಿ ಒಬ್ಬನ ಹೆಸರೂ ನಾನು ಓದಿದ ಪುಸ್ತಕಗಳಲ್ಲಿ ಕಾಣಲಿಲ್ಲ.

ಪಾದ್ರಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಸಿದವನಿಗೆ ಮರ್ಯಾದೆಯ ಕೂಲಿ ಸಿಕ್ಕಿತು. ಅದು ಸಣ್ಣ ಉಪಕಾರವಲ್ಲ. ಆದರೆ ಅತಿಥಿಗಳ ಅನುಕೂಲವೇ ಊರಿನ ಧರ್ಮವಾಗುವ ಕಾಲ ಅಲ್ಲಿಂದ ಮೊದಲಾಯಿತು. ೧೮೬೦ರಲ್ಲಿ ಸವಾಯ್ ದೊರೆ ನೀಸನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ಇಟಲಿಯ ಐಕ್ಯಕ್ಕಾಗಿ ಹೋರಾಡಿದ ಗ್ಯಾರಿಬಾಲ್ಡಿ ೧೮೦೭ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ತನ್ನ ಹುಟ್ಟೂರೇ ಪರರಾಜ್ಯವಾಯಿತೆಂದು ಅವನು ಕಿಡಿಕಾರಿದ, ಪ್ರಯೋಜನವಾಗಲಿಲ್ಲ. ೧೮೬೪ರಲ್ಲಿ ರೈಲು ಬಂದಿತು. ರೈಲಿನ ಹಿಂದೆ ರಾಜಮಹಾರಾಜರು ಬಂದರು.

ವಿಕ್ಟೋರಿಯಾ ರಾಣಿ ತನ್ನ ಕೊನೆಯ ವರ್ಷಗಳಲ್ಲಿ ಊರಿನ ಮೇಲಣ ಸಿಮಿಯೇ ಗುಡ್ಡದ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಿದ್ದಳು. ಜೊತೆಗೆ ಅವಳ ಭಾರತೀಯ ಪರಿವಾರ. ಆಗ್ರಾದಿಂದ ಹೋದ ಮುನ್ಷಿ ಅಬ್ದುಲ್ ಕರೀಮನನ್ನು ಕಂಡರೆ ಆಸ್ಥಾನಿಕರಿಗೆ ಆಗುತ್ತಿರಲಿಲ್ಲ. ರಷ್ಯದ ಶ್ರೀಮಂತರೂ ಹಿಂದೆ ಬೀಳಲಿಲ್ಲ. ಅವರು ಕಟ್ಟಿಸಿದ ಚಿನ್ನದ ಮೆರುಗಿನ ಗೋಪುರಗಳ ಇಗರ್ಜಿ ೧೯೧೨ರಲ್ಲಿ ಮುಗಿಯಿತು. ಐದೇ ವರ್ಷಗಳಲ್ಲಿ ಕ್ರಾಂತಿಯಾಗಿ, ಅಲ್ಲಿ ಮೊಣಕಾಲೂರಿದ್ದ ಮನೆತನಗಳಲ್ಲಿ ಕೆಲವು ನಿರ್ಗತಿಕವಾದವು. ೧೯೧೩ರಲ್ಲಿ ನೆಗ್ರೆಸ್ಕೊ ಎಂಬ ರುಮೇನಿಯದವನು ಗುಲಾಬಿ ಬಣ್ಣದ ಗುಮ್ಮಟವುಳ್ಳ ತನ್ನ ಹೋಟೆಲನ್ನು ತೆರೆದ. ಮರುವರ್ಷವೇ ಮಹಾಯುದ್ಧ, ಹೋಟೆಲು ಗಾಯಾಳುಗಳ ಆಸ್ಪತ್ರೆಯಾಯಿತು, ೧೯೨೦ರಲ್ಲಿ ಒಡೆಯ ಎಲ್ಲವನ್ನೂ ಕಳೆದುಕೊಂಡು ತೀರಿಕೊಂಡ. ಅವನ ಹೆಸರು ಮಾತ್ರ ಕಟ್ಟಡದ ಮೇಲೆ ಇನ್ನೂ ಮಿರುಗುತ್ತಿದೆ. ಸಿರಿಯ ಊರಿನಲ್ಲಿ ಸಿರಿಯಷ್ಟು ಅಸ್ಥಿರವಾದುದು ಬೇರೆ ಇಲ್ಲ.

ಹಾಗಾದರೆ ಉಳಿದುದು ಯಾವುದು? ದಾರಿ ಉಳಿಯಿತು. ಎರಡು ಮೀಟರಿನ ಹಾದಿ ಅಗಲವಾಗುತ್ತ, ಉದ್ದವಾಗುತ್ತ ಏಳು ಕಿಲೋಮೀಟರು ಬೆಳೆಯಿತು. ಸಂಜೆ ಅಲ್ಲಿ ನಾನು ಕಂಡವರು ರಾಜರಲ್ಲ: ಮೊಮ್ಮಕ್ಕಳನ್ನು ಕರೆತಂದ ಅಜ್ಜಿಯರು, ಕೆಲಸ ಮುಗಿಸಿ ಬಂದ ಹೋಟೆಲಿನ ಮಾಣಿಗಳು, ಕಡಲಿಗೆ ಮುಖ ಮಾಡಿದ ನೀಲಿ ಕುರ್ಚಿಗಳಲ್ಲಿ ಸುಮ್ಮನೆ ಕುಳಿತ ಮುದುಕರು. ೨೦೧೬ರ ಜುಲೈ ೧೪ರ ರಾತ್ರಿ ರಾಷ್ಟ್ರೀಯ ಹಬ್ಬದ ಬಾಣಬಿರುಸು ನೋಡಲು ಇಲ್ಲಿ ನೆರೆದಿದ್ದವರೂ ಇಂಥವರೇ. ಒಬ್ಬ ದುಷ್ಟ ಅವರ ಮೇಲೆ ಲಾರಿ ಹರಿಸಿದ. ೮೬ ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು, ಬೇರೆ ಬೇರೆ ದೇಶದವರೂ ಮತದವರೂ ಇದ್ದರು. ದಾರಿ ಅಷ್ಟು ಹೊತ್ತಿಗೆ ಎಷ್ಟು ಜನರ ಸ್ವತ್ತಾಗಿತ್ತು ಎಂಬುದು ಆ ಸಾವಿನ ಪಟ್ಟಿಯಿಂದ ತಿಳಿಯಬೇಕಾಗಿ ಬಂದುದು ದುಃಖದ ಮಾತು. ಆದರೂ ಜನ ದಾರಿಯನ್ನು ಬಿಡಲಿಲ್ಲ.

೨೦೨೧ರಲ್ಲಿ ಯುನೆಸ್ಕೊ ಸಂಸ್ಥೆ ನೀಸನ್ನು ಚಳಿಗಾಲದ ವಿಹಾರನಗರವೆಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವದಲ್ಲಿ ಹೋಟೆಲು ಕಟ್ಟಿಸಿದವರಿಗೂ ಬಂದು ಇಳಿದವರಿಗೂ ಪಾಲುಂಟು. ಮೊದಲ ಪಾಲು ಮಾತ್ರ, ಕಿತ್ತಳೆಯ ತೋಟ ಕೆಟ್ಟ ವರ್ಷ ಚಳಿಯಲ್ಲಿ ಕಲ್ಲು ಹೊತ್ತ ಆ ಕೂಲಿಯವರಿಗೆ ಸಲ್ಲತಕ್ಕದ್ದು.