ಪರದೇಶಿಯ ರೋಗಶಯ್ಯೆಯ ಬಳಿ: ಸಂತ ಫ್ರಾನ್ಸಿಸ್ ಕಬ್ರೀನಿಯವರ ಸೇವೆ

ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ಚಿತ್ರಣವಿದೆ. ಹಸಿದವರು ಮತ್ತು ಬಾಯಾರಿದವರೊಂದಿಗೆ ತಮ್ಮನ್ನು ಗುರುತಿಸಿಕೊಳ್ಳುವ ಪ್ರಭು ಯೇಸು, ಪರದೇಶಿಯೊಂದಿಗೂ ರೋಗಿಯೊಂದಿಗೂ ತಮ್ಮನ್ನು ಗುರುತಿಸಿಕೊಳ್ಳುತ್ತಾರೆ. ಪರದೇಶಿಯೇ ರೋಗಿಯಾಗಿ ಬಾಗಿಲಿಗೆ ಬಂದಾಗ ಸಮಾಜ ಅವನನ್ನು ಹೇಗೆ ನಡೆಸಿಕೊಂಡಿದೆ? ಅಮೆರಿಕದ ವಲಸೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ನೋವಿನ ಉತ್ತರಗಳೂ ಇವೆ, ಭರವಸೆಯ ಉತ್ತರಗಳೂ ಇವೆ.

1880ರಿಂದ 1920ರವರೆಗಿನ ನಾಲ್ಕು ದಶಕಗಳಲ್ಲಿ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಇಟಲಿಯ ಬಡ ರೈತರು. ರೈಲುಮಾರ್ಗ ಹಾಕಲು, ಸುರಂಗ ತೋಡಲು, ಗಣಿಯಲ್ಲಿ ದುಡಿಯಲು ಅವರ ತೋಳ್ಬಲ ಬೇಕಾಗಿತ್ತು. ಆದರೆ ಅವರ ಭಾಷೆ, ಬಡತನ, ಆಚಾರಗಳು ಸ್ಥಳೀಯರಿಗೆ ಹಿಡಿಸಲಿಲ್ಲ. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸ್ ನಗರದಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ 11 ಮಂದಿ ಇಟಾಲಿಯನ್ನರನ್ನು ಕೊಂದಿತು. ದ್ವೇಷ ಎಷ್ಟು ಆಳವಾಗಿತ್ತು ಎಂಬುದಕ್ಕೆ ಈ ಘಟನೆಯೊಂದೇ ಸಾಕು.

1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣಾ ಕೇಂದ್ರ ಆರಂಭವಾಯಿತು. ಮೊದಲ ಹಾಗೂ ಎರಡನೆಯ ದರ್ಜೆಯ ಪ್ರಯಾಣಿಕರ ತಪಾಸಣೆ ಹಡಗಿನಲ್ಲಿಯೇ ಮುಗಿಯುತ್ತಿತ್ತು. ಹಡಗಿನ ತಳಭಾಗದಲ್ಲಿ ಪ್ರಯಾಣಿಸಿ ಬಂದ ಬಡವರು ಮಾತ್ರ ದ್ವೀಪಕ್ಕೆ ಹೋಗಿ ಸಾಲುಗಟ್ಟಿ ನಿಲ್ಲಬೇಕಾಗಿತ್ತು. ವೈದ್ಯರು ರೆಪ್ಪೆಗಳನ್ನು ಮಡಚಿ ಕಣ್ಣುರೋಗವಿದೆಯೇ ಎಂದು ನೋಡುತ್ತಿದ್ದರು. ಸಂಶಯ ಬಂದರೆ ಅಂಗಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಹೃದಯದ ದೋಷಕ್ಕೆ ‘ಎಚ್’, ಕುಂಟುವವರಿಗೆ ‘ಎಲ್’, ಮನೋರೋಗದ ಶಂಕೆಗೆ ‘ಎಕ್ಸ್’. ಒಟ್ಟಾರೆ ಮರಳಿ ಕಳುಹಿಸಲ್ಪಟ್ಟವರು ನೂರಕ್ಕೆ ಸುಮಾರು ಇಬ್ಬರು ಮಾತ್ರ ಎಂಬುದು ನಿಜ. ಆದರೆ ಆ ಇಬ್ಬರ ಹಿಂದೆ ಒಡೆದ ಕುಟುಂಬಗಳಿದ್ದವು. ಕಾಯಿಲೆಯ ಮಗುವನ್ನು ಹಿಂದಕ್ಕೆ ಕಳುಹಿಸಿದಾಗ ತಾಯಿ ಯಾರೊಡನೆ ಇರಬೇಕು? ಹಡಗೇರುವ ಮಗುವಿನೊಡನೆಯೋ, ದಡ ಸೇರಿದ ಗಂಡನೊಡನೆಯೋ?

ಈ ಜನರ ಸಂಕಟವನ್ನು ಇಟಲಿಯಲ್ಲಿ ಕಂಡವರು ಪಿಯಾಚೆಂಜಾದ ಧರ್ಮಾಧ್ಯಕ್ಷ ಜಾನ್ ಬ್ಯಾಪ್ಟಿಸ್ಟ್ ಸ್ಕಲಬ್ರೀನಿ. ವಲಸಿಗರ ಸೇವೆಗಾಗಿಯೇ ಅವರು 1887ರಲ್ಲಿ ಗುರುಗಳ ಸಭೆಯೊಂದನ್ನು ಸ್ಥಾಪಿಸಿದರು. ಅವರ ಕರೆಗೆ ಓಗೊಟ್ಟವರಲ್ಲಿ ಫ್ರಾನ್ಸಿಸ್ ಕಬ್ರೀನಿ ಪ್ರಮುಖರು. 1850ರಲ್ಲಿ ಲೊಂಬಾರ್ಡಿಯ ರೈತ ಕುಟುಂಬದಲ್ಲಿ ಹುಟ್ಟಿದ ಈ ಧರ್ಮಭಗಿನಿಯ ಆರೋಗ್ಯ ಬಾಲ್ಯದಿಂದಲೂ ಕ್ಷೀಣವಾಗಿತ್ತು. 1880ರಲ್ಲಿ ಪವಿತ್ರ ಹೃದಯದ ಮಿಶನರಿ ಸಭೆಯನ್ನು ಸ್ಥಾಪಿಸಿದಾಗ ಚೀನಾ ದೇಶಕ್ಕೆ ಹೋಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗುವಂತೆ ವಿಶ್ವಗುರು ಹದಿಮೂರನೆಯ ಲಿಯೋರವರು ಸೂಚಿಸಿದರು. 1889ರ ಮಾರ್ಚ್ 31ರಂದು ಆರು ಮಂದಿ ಭಗಿನಿಯರೊಡನೆ ಅವರು ನ್ಯೂಯಾರ್ಕ್ ತಲುಪಿದರು. ಯಾವ ಸಿದ್ಧತೆಯೂ ಆಗಿಲ್ಲವೆಂದು ಅಲ್ಲಿನ ಮಹಾಧರ್ಮಾಧ್ಯಕ್ಷರು ಮರಳಿ ಹೋಗಲು ಸಲಹೆಯಿತ್ತಾಗಲೂ ಅವರು ಹಿಂದಿರುಗಲಿಲ್ಲ.

ಅನಾಥಾಲಯ ಮತ್ತು ಶಾಲೆಯ ಬೆನ್ನಿಗೆ ಆಸ್ಪತ್ರೆಯ ಅಗತ್ಯ ಅವರಿಗೆ ಮನವರಿಕೆಯಾಯಿತು. ಇಂಗ್ಲಿಷ್ ಬಾರದ ರೋಗಿ ತನಗೆ ಎಲ್ಲಿ ನೋವೆಂದು ವೈದ್ಯರಿಗೆ ತಿಳಿಸಲಾರ. ಸಾಯುವ ಗಳಿಗೆಯಲ್ಲಿ ತನ್ನ ಭಾಷೆಯಲ್ಲಿ ಪಾಪನಿವೇದನೆ ಮಾಡುವ ಅವಕಾಶವೂ ಅವನಿಗಿಲ್ಲ. 1892ರಲ್ಲಿ ಬಾಡಿಗೆ ಮನೆಯಲ್ಲಿ, ಬೆರಳೆಣಿಕೆಯ ಹಾಸಿಗೆಗಳೊಡನೆ ಕೊಲಂಬಸ್ ಆಸ್ಪತ್ರೆ ಆರಂಭವಾಯಿತು. ಆ ವರ್ಷ ಕೊಲಂಬಸ್ ಅಮೆರಿಕ ತಲುಪಿದ 400ನೆಯ ವರ್ಷಾಚರಣೆ. ಇಟಾಲಿಯನ್ನರೂ ಅಮೆರಿಕನ್ನರೂ ಸಮಾನವಾಗಿ ಗೌರವಿಸುವ ಹೆಸರನ್ನು ಅವರು ಜಾಣ್ಮೆಯಿಂದ ಆರಿಸಿಕೊಂಡಿದ್ದರು.

ಮುಂದೆ ಶಿಕಾಗೋದಲ್ಲಿ ಹಳೆಯ ಹೋಟೆಲ್ ಕಟ್ಟಡವೊಂದನ್ನು ಕೊಳ್ಳುವಾಗ ಮಾರುವವರು ಜಾಗದ ಅಳತೆಯಲ್ಲಿ ವಂಚಿಸಲು ನೋಡಿದರಂತೆ. ತಾಯಿ ಕಬ್ರೀನಿಯವರು ನಸುಕಿನಲ್ಲಿಯೇ ಭಗಿನಿಯರನ್ನು ಕರೆದುಕೊಂಡು ಹೋಗಿ, ಹಗ್ಗ ಹಿಡಿಸಿ ಅಳತೆ ಮಾಡಿ, ಬರಬೇಕಾದ ನೆಲವನ್ನು ಪೂರ್ತಿಯಾಗಿ ಪಡೆದುಕೊಂಡರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. 1905ರಲ್ಲಿ ಅಲ್ಲಿ ಆಸ್ಪತ್ರೆ ತೆರೆಯಿತು. ದಯೆ ಅವರಲ್ಲಿ ದೌರ್ಬಲ್ಯವಾಗಿರಲಿಲ್ಲ. ಬಡವರ ಪಾಲಿಗೆ ಸಲ್ಲಬೇಕಾದುದನ್ನು ಕೇಳಿ ಪಡೆಯುವ ಧೈರ್ಯವೂ ಅದರಲ್ಲಿ ಸೇರಿತ್ತು. 1909ರಲ್ಲಿ ಅವರು ಸ್ವತಃ ಅಮೆರಿಕದ ಪೌರತ್ವ ಪಡೆದರು. 1917ರ ಡಿಸೆಂಬರ್ 22ರಂದು, ತಾವೇ ಕಟ್ಟಿದ ಶಿಕಾಗೋ ಆಸ್ಪತ್ರೆಯಲ್ಲಿ ಪ್ರಭುವಿನ ಪಾದ ಸೇರುವಷ್ಟರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಗಳು 67. 1946ರಲ್ಲಿ ಅವರಿಗೆ ಸಂತ ಪದವಿ ದೊರಕಿತು. 1950ರಲ್ಲಿ ಹನ್ನೆರಡನೆಯ ಭಕ್ತಿನಾಥರು ಅವರನ್ನು ವಲಸಿಗರ ಪಾಲಕಿಯೆಂದು ಘೋಷಿಸಿದರು.

ಆದರೆ ಒಬ್ಬ ಸಂತರ ಸೇವೆಯಿಂದ ದೇಶವೊಂದರ ಹೊಣೆ ಮುಗಿಯುವುದಿಲ್ಲ. 1994ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 187ನೆಯ ಪ್ರಸ್ತಾಪವನ್ನು ಅಂಗೀಕರಿಸಿದರು. ದಾಖಲೆಗಳಿಲ್ಲದ ವಲಸಿಗರಿಗೆ ತುರ್ತು ಚಿಕಿತ್ಸೆಯ ಹೊರತು ಸಾರ್ವಜನಿಕ ವೈದ್ಯಕೀಯ ನೆರವು ನಿಲ್ಲಬೇಕು, ಅಂಥವರ ಬಗ್ಗೆ ಅಧಿಕಾರಿಗಳಿಗೆ ವರದಿ ಮಾಡಬೇಕು ಎಂಬುದು ಅದರ ತಿರುಳು. ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷರು ಇದನ್ನು ಬಹಿರಂಗವಾಗಿ ವಿರೋಧಿಸಿದರು; ನ್ಯಾಯಾಲಯ ತಡೆಯಿತ್ತಿತು; 1999ರಲ್ಲಿ ಅದು ಕೊನೆಗಂಡಿತು. ಆದರೆ 1996ರ ಕೇಂದ್ರ ಕಾಯಿದೆ, ಕಾನೂನುಬದ್ಧವಾಗಿ ಬಂದ ಹಲವು ವಲಸಿಗರೂ ಸರಕಾರಿ ವೈದ್ಯಕೀಯ ನೆರವಿಗೆ ಐದು ವರ್ಷ ಕಾಯಬೇಕೆಂದು ವಿಧಿಸಿತು. ಮಕ್ಕಳಿಗೂ ಗರ್ಭಿಣಿಯರಿಗೂ ಈ ಕಾಯುವಿಕೆಯನ್ನು ಕೈಬಿಡುವ ಅವಕಾಶ ರಾಜ್ಯಗಳಿಗೆ ದೊರೆತದ್ದು 2009ರಲ್ಲಿ. 2016ರಲ್ಲಿ ಅದೇ ಕ್ಯಾಲಿಫೋರ್ನಿಯಾ, ದಾಖಲೆಗಳಿಲ್ಲದ ಬಡ ಮಕ್ಕಳಿಗೂ ತನ್ನ ವೈದ್ಯಕೀಯ ಯೋಜನೆಯ ಬಾಗಿಲು ತೆರೆಯಿತು.

ಸ್ಥಳೀಯರ ತೆರಿಗೆಯ ಹಣ ಹೊರಗಿನವರಿಗೇಕೆ ಎಂಬ ಪ್ರಶ್ನೆ ಸಹಜವೇ. ಆದರೆ ವಲಸಿಗನೂ ಅದೇ ನೆಲದಲ್ಲಿ ದುಡಿಯುತ್ತಾನೆ, ಕೊಳ್ಳುವ ವಸ್ತುಗಳಿಗೆ ತೆರಿಗೆ ತೆರುತ್ತಾನೆ. ಸಾಂಕ್ರಾಮಿಕ ರೋಗ ಯಾರ ದಾಖಲೆಯನ್ನೂ ಕೇಳುವುದಿಲ್ಲ. ಸಕಾಲದಲ್ಲಿ ಸಿಗದ ಔಷಧಿ ತಡವಾಗಿ ದೊಡ್ಡ ಚಿಕಿತ್ಸೆಯಾಗಿ ಎಲ್ಲರ ಮೇಲೂ ಹೊರೆಯಾಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾದ ಕಾರಣವೂ ಒಂದಿದೆ. ವಿಶ್ವಗುರು ಇಪ್ಪತ್ತಮೂರನೆಯ ಯೊವಾನ್ನರು 1963ರ ‘ಪಾಚೆಮ್ ಇನ್ ತೆರ್ರಿಸ್’ ವಿಶ್ವಪತ್ರದಲ್ಲಿ ವೈದ್ಯಕೀಯ ಆರೈಕೆಯನ್ನು ಮನುಷ್ಯನಾಗಿ ಹುಟ್ಟಿದ ಪ್ರತಿಯೊಬ್ಬರ ಹಕ್ಕುಗಳಲ್ಲಿ ಎಣಿಸಿದ್ದಾರೆ.

ಈ ಇತಿಹಾಸ ನಮಗೆ ದೂರದ್ದಲ್ಲ. ಕರಾವಳಿಯ ಎಷ್ಟೋ ಕುಟುಂಬಗಳು ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ ದುಡಿದವರ ಬೆವರಿನಿಂದ ಮನೆ ಕಟ್ಟಿವೆ. ಪರವೂರಿನಲ್ಲಿ ಜ್ವರ ಬಂದು ಮಲಗಿದಾಗಿನ ಒಂಟಿತನ ಅವರಿಗೆ ಗೊತ್ತು. ಇಂದು ನಮ್ಮ ನಗರಗಳ ಕಟ್ಟಡಗಳನ್ನು ಬಿಹಾರ, ಒಡಿಶಾ, ಉತ್ತರ ಕರ್ನಾಟಕಗಳಿಂದ ಬಂದವರು ಕಟ್ಟುತ್ತಿದ್ದಾರೆ. 2020ರ ಲಾಕ್‌ಡೌನ್ ಸಮಯದಲ್ಲಿ ಅವರು ಮಕ್ಕಳನ್ನು ಹೊತ್ತು ಹೆದ್ದಾರಿಗಳಲ್ಲಿ ನಡೆದುದನ್ನು ನಾವು ಕಂಡಿದ್ದೇವೆ.

ಪ್ರಿಯ ಓದುಗರೇ, ಆಸ್ಪತ್ರೆ ಕಟ್ಟುವುದು ಪ್ರತಿ ಧರ್ಮಕೇಂದ್ರಕ್ಕೂ ಸಾಧ್ಯವಾಗದು. ಆದರೆ ಭಾಷೆ ಬಾರದ ರೋಗಿಯೊಡನೆ ವೈದ್ಯರ ಬಳಿಗೆ ಹೋಗುವುದು, ಹೊಸದಾಗಿ ಬಂದ ಕುಟುಂಬದ ಮಗುವಿಗೆ ಲಸಿಕೆ ಎಲ್ಲಿ ಸಿಗುವುದೆಂದು ತಿಳಿಸುವುದು, ಕೆಲಸದಲ್ಲಿ ಗಾಯಗೊಂಡವನಿಗೆ ಸಲ್ಲಬೇಕಾದುದನ್ನು ಕೇಳಲು ಜೊತೆ ನಿಲ್ಲುವುದು ಯಾವ ಕುಟುಂಬಕ್ಕೂ ಅಸಾಧ್ಯವಲ್ಲ. ವಲಸಿಗರ ಪಾಲಕಿಯಾದ ಸಂತ ಕಬ್ರೀನಿಯವರು ಇದಕ್ಕೆ ಬೇಕಾದ ಕನಿಕರವನ್ನೂ ಧೈರ್ಯವನ್ನೂ ನಮಗಾಗಿ ಬೇಡಿಕೊಳ್ಳಲಿ.