15 ವರ್ಷ ದಾಟಿದ ಬೈಕಿಗೆ ‘ಎಫ್‌ಸಿ’: ಪಾಸಾಯಿತು ಅಂದರೆ ಏನು ಪಾಸಾಯಿತು?

2023ರಲ್ಲಿ ಅಪ್ಪನ 100 ಸಿಸಿ ಬೈಕಿಗೆ 15 ವರ್ಷ ತುಂಬಿತು. ಆರ್‌ಟಿಒ ಆವರಣದ ಸಾಲಿನಲ್ಲಿ ನಿಲ್ಲಿಸಿಕೊಂಡು ಕಾದೆ. ಇನ್‌ಸ್ಪೆಕ್ಟರ್ ಬಂದರು, ಚಾಸಿ ನಂಬರನ್ನು ಪೆನ್ಸಿಲ್ ಪ್ರಿಂಟ್ ಜೊತೆ ತಾಳೆ ನೋಡಿದರು, ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್ ಹಾಕಿಸಿ ನೋಡಿದರು. ಎಲ್ಲ ಸೇರಿ ನಾಲ್ಕು ನಿಮಿಷ ಆಗಿರಬಹುದು. ಪಾಸ್.

ಮೂರು ವಾರ ಕಳೆದು ಸರ್ವಿಸ್‌ಗೆ ಬಿಟ್ಟಾಗ ಮೆಕ್ಯಾನಿಕ್ ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ ನನ್ನ ಕೈಗೆ ಕೊಟ್ಟು ನಿಧಾನಕ್ಕೆ ತಿರುಗಿಸಿ ಅಂದರು. ಸರಿಯಾಗಿ ನಡುವೆ ಬಂದಾಗ ಗುಳಿಯಲ್ಲಿ ಕೂತಂತೆ ‘ಟಕ್’ ಅಂತ ನಿಲ್ಲುತ್ತಿತ್ತು. ‘ಕೋನ್‌ಸೆಟ್ ಹೋಗಿ ವರ್ಷದ ಮೇಲಾಗಿದೆ ಸಾರ್. ಹೀಗೇ ಹೈವೇಲಿ ಓಡಿಸ್ತಾ ಇದ್ರಾ?’ ಅಪ್ಪ ದಿನಾ ತೋಟಕ್ಕೆ ಹೋಗಿಬರುವುದೇ ಹೆದ್ದಾರಿಯಲ್ಲಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವೆಲ್ಲ ‘ಎಫ್‌ಸಿ ಮಾಡಿಸೋದು’ ಅಂತೀವಿ. ಕಾನೂನಿನಲ್ಲಿ ಎಫ್‌ಸಿ, ಅಂದರೆ ಅರ್ಹತಾ ಪತ್ರ, ಇರುವುದು ಲಾರಿ, ಬಸ್ಸು, ಟ್ಯಾಕ್ಸಿಯಂಥ ಸಾರಿಗೆ ವಾಹನಗಳಿಗೆ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಅದು. ಸ್ವಂತ ಬೈಕಿಗೆ ಆಗುವುದು ಆರ್‌ಸಿ ನವೀಕರಣ. 41ನೇ ಸೆಕ್ಷನ್ ಪ್ರಕಾರ ನೋಂದಣಿಯ ಆಯಸ್ಸು 15 ವರ್ಷ, ಆಮೇಲೆ ಒಂದೊಂದು ಸಲಕ್ಕೆ ಐದು ವರ್ಷ. ಅರ್ಜಿ ಫಾರಂ 25ರಲ್ಲಿ, ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ. ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಆರ್‌ಸಿ ಮುಗಿದ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ. ವಿಮೆ ಕ್ಲೇಮ್ ಸಮಯದಲ್ಲಿ ಆಗುವ ತಕರಾರು ಬೇರೆ.

ಈ ಹೆಸರಿನ ವ್ಯತ್ಯಾಸ ಬರೀ ಕಾಗದದ ಮಾತಲ್ಲ. ನೋಂದಣಿ ನವೀಕರಣದಲ್ಲಿ ಇಲಾಖೆಗೆ ಮುಖ್ಯವಾಗುವ ಪ್ರಶ್ನೆ ‘ಇದು ಅದೇ ಗಾಡಿನಾ?’. ಕದ್ದದ್ದಲ್ಲ, ಎಂಜಿನ್ ಬದಲಾಗಿಲ್ಲ, ನಂಬರ್ ತಿದ್ದಿಲ್ಲ. ಅದನ್ನು ನಮ್ಮ ವ್ಯವಸ್ಥೆ ಒಂದು ಮಟ್ಟಿಗೆ ಚೆನ್ನಾಗಿಯೇ ಹಿಡಿಯುತ್ತದೆ. ‘ಈ ಗಾಡಿ ನಾಳೆ ಬ್ರೇಕ್ ಹಿಡಿದಾಗ ನೇರ ನಿಲ್ಲುತ್ತಾ?’ ಅನ್ನುವುದು ಬೇರೆಯದೇ ಪ್ರಶ್ನೆ. ಅದಕ್ಕೆ ಉತ್ತರ ಇನ್‌ಸ್ಪೆಕ್ಟರ್ ಕಣ್ಣಿಗೆ, ಅವತ್ತಿನ ಸಾಲಿನ ಉದ್ದಕ್ಕೆ ಬಿಟ್ಟಿದ್ದು.

ಎಂಜಿನಿಯರಿಂಗ್ ಓದುವಾಗ ಮೆಟ್ರಾಲಜಿಯಲ್ಲಿ ಕಲಿಸಿದ್ದರಲ್ಲಿ ನೆನಪಿರುವುದು ಇಷ್ಟು: ಒಂದೇ ವಸ್ತುವನ್ನು ಇಬ್ಬರು ಅಳೆದು ಬೇರೆ ಬೇರೆ ಉತ್ತರ ಬಂದರೆ, ಮೊದಲು ಅನುಮಾನಿಸಬೇಕಾದ್ದು ಅಳತೆಯನ್ನು. ಇಲ್ಲಿ ಅಳತೆಗೋಲೇ ಇಲ್ಲ. ಇದೇ ಬೈಕನ್ನು ಇನ್ನೊಬ್ಬ ಇನ್‌ಸ್ಪೆಕ್ಟರ್ ಮಧ್ಯಾಹ್ನ ಬಿಡುವಾಗಿ ನೋಡಿದ್ದರೆ ಫೇಲ್ ಮಾಡುತ್ತಿದ್ದರೇನೋ. ಪಕ್ಕದಲ್ಲಿ ನಿಂತಿದ್ದ ಹಳೇ ಟೂ ಸ್ಟ್ರೋಕ್ ಹುಡುಗ ಸ್ನೇಹಿತನ ಗಾಡಿಯ ಸೈಲೆನ್ಸರ್, ಮಿರರ್ ಹಾಕಿಕೊಂಡು ಬಂದಿದ್ದ. ಸಂಜೆಗೆ ವಾಪಸ್ ಕೊಡಬೇಕಂತೆ. ಅಡಗಿಸುವ ಮಾತೇ ಇಲ್ಲ, ನಗುತ್ತಲೇ ಹೇಳಿದ.

ಮೀಟರ್ ಇಟ್ಟು ಅಳೆಯುವುದು ಹೊಗೆಯನ್ನು ಮಾತ್ರ. 2000ದ ಮಾರ್ಚ್ 31ಕ್ಕೆ ಮುಂಚಿನ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ನಂತರದ ಫೋರ್ ಸ್ಟ್ರೋಕ್‌ಗೆ ಶೇ 3.5 ಮತ್ತು 4,500. ಆದರೆ ಇದು ಗಾಡಿ ಐಡಲ್‌ನಲ್ಲಿ ನಿಂತಾಗಿನ ಲೆಕ್ಕ. ಕಾರ್ಬುರೇಟರ್ ಇರುವ ಬೈಕಿನಲ್ಲಿ ಸ್ಕ್ರೂ ಸ್ವಲ್ಪ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದರೆ ಮೊನಾಕ್ಸೈಡ್ ಇಳಿಯುತ್ತೆ. ಟೆಸ್ಟ್ ಮುಗಿದ ಮೇಲೆ ಮತ್ತೆ ಯಥಾಸ್ಥಿತಿ. ಟೂ ಸ್ಟ್ರೋಕ್ ಬಿಡುವ ಬಿಳಿ ಹೊಗೆಯ ದಟ್ಟಣೆಯನ್ನಂತೂ ಈ ಪರೀಕ್ಷೆ ಅಳೆಯುವುದೇ ಇಲ್ಲ. ಹೊಗೆ ದಟ್ಟಣೆಯ ಮೀಟರ್ ಇರುವುದು ಡೀಸೆಲ್‌ಗೆ.

ಹಳೇ ಬೈಕ್ ವಿಷಯದಲ್ಲಿ ಈ ಸಡಿಲಿಕೆ ಇನ್ನೂ ದುಬಾರಿ. 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಕೆಳಗಿನವಕ್ಕೆ ಸಿಬಿಎಸ್ ಸಂಪೂರ್ಣ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚಿನ ಬಹುಪಾಲು ಬೈಕುಗಳಲ್ಲಿ ತಪ್ಪನ್ನು ಸರಿದೂಗಿಸುವ ಯಾವ ವ್ಯವಸ್ಥೆಯೂ ಇಲ್ಲ; ಲೈನರ್, ಟೈರ್, ಬೇರಿಂಗ್ ಅಷ್ಟೇ.

ಬ್ರಿಟನ್ನಿನ ಎಂಒಟಿ ನೋಡಿ. ಬೈಕಿಗೆ ಮೂರು ವರ್ಷ ಆದಮೇಲೆ ಪ್ರತಿವರ್ಷ ಪರೀಕ್ಷೆ. 2018ರಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಅಂತ ವಿಂಗಡಿಸಿ ಬರೆದು ಕೊಡುತ್ತಾರೆ. ‘ಮುಂದೆ ನೋಡಿಕೊಳ್ಳಿ’ ಅನ್ನುವ ಸಲಹೆಯೂ ಅದರಲ್ಲಿರುತ್ತದೆ. ಗಾಡಿ ನಂಬರ್ ಹಾಕಿದರೆ ಹಳೆಯ ಫಲಿತಾಂಶ ಯಾರು ಬೇಕಾದರೂ ನೋಡಬಹುದು. ಅಲ್ಲೂ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಗಾಡಿಗೆ ವಿನಾಯಿತಿ ಇದೆ, ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಮ್ಮಲ್ಲಿ ಶುಲ್ಕ ಮಾತ್ರ ಏರಿತು. ಬೈಕಿನ ನವೀಕರಣ 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1,000 ಆಯಿತು. 2025ರ ಆಗಸ್ಟ್ ಅಧಿಸೂಚನೆಯಲ್ಲಿ 20 ವರ್ಷ ಮೀರಿದ್ದಕ್ಕೆ 2,000. ಉದ್ದೇಶ ಹಳೇ ಗಾಡಿ ಬಿಡಿಸುವುದು. ಚೆನ್ನಾಗಿ ಇಟ್ಟುಕೊಂಡವನೂ ಅಷ್ಟೇ ಕಟ್ಟಬೇಕು, ಕೋನ್‌ಸೆಟ್ ಹೋದವನೂ ಅಷ್ಟೇ. ಆ ದುಡ್ಡಿಗೆ ಹತ್ತು ನಿಮಿಷದ ಪರೀಕ್ಷೆ, ಸಹಿ ಹಾಕಿದ ಒಂದು ಪಟ್ಟಿ ಕೇಳುವುದು ಅತಿಯಾಸೆ ಅಲ್ಲ.

ಆ ಹತ್ತು ನಿಮಿಷ ಹೇಗಿರಬೇಕು ಅಂದರೆ, ದೊಡ್ಡ ಯಂತ್ರವೇನೂ ಬೇಡ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ. ಹ್ಯಾಂಡಲ್ ಎಡದಿಂದ ಬಲಕ್ಕೆ ನುಣ್ಣಗೆ ಹೋಗಬೇಕು. ಫೋರ್ಕ್‌ನ ಕೆಳಭಾಗ ಹಿಡಿದು ಹಿಂದೆ ಮುಂದೆ ಎಳೆದರೆ ಆಟ ಸಿಗಬಾರದು, ಆಯಿಲ್ ಸೀಲ್ ಕೆಳಗೆ ಜಿಡ್ಡು ಇರಬಾರದು. ಹಿಂದಿನ ಚಕ್ರ ಪಕ್ಕಕ್ಕೆ ಅಲ್ಲಾಡಿದರೆ ಬುಷ್ ಅಥವಾ ಬೇರಿಂಗ್. ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ. ಸಡಿಲವಾದದ್ದು ಮಂದವಾಗಿ ಸದ್ದು ಮಾಡುತ್ತೆ. ಡ್ರಮ್ ಬ್ರೇಕ್ ಇರುವ ಹಲವು ಬೈಕುಗಳಲ್ಲಿ ಬ್ರೇಕ್ ಆರ್ಮ್ ಬಳಿ ಒಂದು ಬಾಣ ಇದೆ, ಬ್ರೇಕ್ ಒತ್ತಿದಾಗ ಅದು ಡ್ರಮ್ ಮೇಲಿನ ಗುರುತಿಗೆ ಮುಟ್ಟಿದರೆ ಲೈನರ್ ಮುಗಿದಿದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಗುಂಡಿ ಚೆನ್ನಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಮಳೆಯಲ್ಲಿ ನಂಬುವಂತಿಲ್ಲ.

ಅಪ್ಪನ ಬೈಕಿನ ಆರ್‌ಸಿ 2028ರವರೆಗೆ ಇದೆ. ಕೋನ್‌ಸೆಟ್ ಅವತ್ತೇ ಹಾಕಿಸಿದೆ. ಇದನ್ನು ಬರೆಯುವ ಮುಂಚೆ ಹೋಗಿ ಹಿಂದಿನ ಟೈರ್ ನೋಡಿದೆ: 1419. ಭಾನುವಾರ ಬದಲಿಸಬೇಕು.